ಕಾಡಿಗೆ ಬೊಟ್ಟಿನ ಕ್ಯಾಲೆಂಡರು

ನಾಲ್ಕು ವರ್ಷದ ಕ್ಯಾಲೆಂಡರುಗಳನ್ನ ಸುರುಳಿ ಸುತ್ತಿ, ಬಗಲಲ್ಲಿ ಇಟ್ಕೊಂಡು, ಸಿಟಿ ಬಸ್ಸು ಹತ್ತಿ ಡಾಕ್ಟರ ಹತ್ತಿರ ಹೋದವರನ್ನ ಯಾರಾದರೂ ನೋಡಿದ್ದೀರಾ? ನಾನು ಹೋಗಿದ್ದೆ. "ಏನಮ್ಮಾ, ಕ್ಯಾಲೆಂಡರ್ ವ್ಯಾಪಾರವಾ?" ಅಂತ ಕಂಡಕ್ಟರು ನಕ್ಕ.

ಆ ಕಥೆಗೆ ಮುಂಚೆ ಸಿಹಿ ಸುದ್ದಿ. ನನ್ನ ಮೊಮ್ಮಗಳಿಗೆ ಮೂರು ತಿಂಗಳು ತುಂಬಿತು! ಹೋದ ಭಾನುವಾರ ತಾಯಿ, ಮಗು ಇಬ್ಬರನ್ನೂ ವಿಜಯವಾಡಕ್ಕೆ ಕರಕೊಂಡು ಹೋಗಿ, ಪಟಮಟದಲ್ಲಿರೋ ಮಗಳ ಅತ್ತೆ ಮನೆಯಲ್ಲಿ ಬಿಟ್ಟು ಬಂದೆ. ಇಬ್ಬರನ್ನೂ! (ಎರಡು ಸಲ ಯಾಕೆ ಬರೆದೆ ಅಂತ ಮುಂದೆ ಗೊತ್ತಾಗುತ್ತೆ.)

ನನ್ನ ಮಗಳು ಭಾರತಿಗೆ ಸ್ಕಿಜೋಫ್ರೇನಿಯಾ. ಕಾಲೇಜಿನ ಕೊನೇ ವರ್ಷದಲ್ಲಿ ಶುರುವಾಯಿತು. ಯಾರೂ ಇಲ್ಲದ ಕಡೆ ದನಿ ಕೇಳೋದು, ಬೀದಿಯಲ್ಲಿ ಎಲ್ಲರೂ ತನ್ನ ಬಗ್ಗೇನೇ ಮಾತಾಡ್ತಾರೆ ಅನ್ನೋದು. ಮಾತ್ರೆಯಿಂದ ಸುಧಾರಿಸಿದಳು. ಮದುವೆಗೆ ಮುಂಚೆ ಅಳಿಯನಿಗೂ ಬೀಗಿತ್ತಿಗೂ ಎಲ್ಲ ಹೇಳಿದೆವು. ಮುಚ್ಚಿಡಲಿಲ್ಲ. ಆದರೆ ಮಾತ್ರೆ ನುಂಗುತ್ತಿದ್ದರೂ ತಿಂಗಳಲ್ಲಿ ಒಂದೆರಡು ದಿನ ಕಾಟ ತಪ್ಪುತ್ತಿರಲಿಲ್ಲ.

ಯಾಕೆ? ನನಗೆ ಗೊತ್ತಿತ್ತು. ಅಮಾವಾಸ್ಯೆ!

ನಾನು ಓದಿದ್ದು ನಾಲ್ಕನೇ ಕ್ಲಾಸು. (ನಿಮಗೆ ಗೊತ್ತಿರೋದೇ. ನನ್ನ ಕಾಗುಣಿತ ತಿದ್ದೋ ಪತ್ರಿಕೆಯವರಿಗೆ ಇನ್ನೂ ಚೆನ್ನಾಗಿ ಗೊತ್ತು.) ಯಜಮಾನರ ಫ್ಯಾಕ್ಟರಿ ಕೆಲಸಕ್ಕೆ ಅಂತ ತುಮಕೂರಿನಿಂದ ವಿಶಾಖಪಟ್ಟಣಕ್ಕೆ ಬಂದು, ಪೆಂಡುರ್ತಿಯಲ್ಲಿ ಮನೆ ಮಾಡಿ ಕಾಲ ಆಯಿತು. ಆದರೆ ನಮ್ಮ ಕಡೆ ಪದ್ಧತಿ ಬಿಟ್ಟಿರಲಿಲ್ಲ. ಮಗಳು ಹೊರಗಾದ ದಿನ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟು. ಮೂರು ದಿನ ದೇವರ ಮನೆಗೆ ಹೋಗಬಾರದಲ್ಲ, ಲೆಕ್ಕ ಬೇಕು. ಕಾಯಿಲೆ ಬಂದಮೇಲೆ ಕಾಟದ ದಿನಕ್ಕೆ ಕಾಡಿಗೆ ಬೊಟ್ಟು ಶುರು ಮಾಡಿದೆ, ಅವಳು ಮದುವೆಯಾಗಿ ಹೋಗೋವರೆಗೂ ನಾಲ್ಕು ವರ್ಷ ಇಟ್ಟೆ. ಅಮಾವಾಸ್ಯೆ ಅಂದರೆ ಯಜಮಾನರು ನಗೋರು. ಅವರ ಬಾಯಿ ಮುಚ್ಚಿಸಬೇಕಿತ್ತು!

ಭಾರತಿ ಬಸುರಿಯಾಗಿ, ಏಳನೇ ತಿಂಗಳಿಗೆ ತವರಿಗೆ ಬಂದಳು. ಅವಳ ಕಾಯಿಲೆ ನೋಡೋ ಇಲ್ಲಿನ ಡಾಕ್ಟರಮ್ಮ, "ಮುಂಚೆ ತಿಂಗಳಲ್ಲಿ ಯಾವಾಗ ಜಾಸ್ತಿ ಆಗ್ತಿತ್ತು?" ಅಂತ ಕೇಳಿದರು. ಇಂಥ ಪ್ರಶ್ನೆಗೇ ನಾನು ಕಾಯ್ತಿದ್ದೆ. ಮಾರನೇ ದಿನ ಭಾರತಿ ಜೊತೆ ಕ್ಯಾಲೆಂಡರುಗಳ ಸವಾರಿ ಹೊರಟಿತು.

ಡಾಕ್ಟರಮ್ಮ ನಗಲಿಲ್ಲ. ಒಂದೊಂದೇ ತಿಂಗಳು ತಿರುವಿದರು. "ಅಮ್ಮಗಾರೂ, ಅಮಾವಾಸ್ಯೆ ಇಲ್ಲಿದೆ. ನಿಮ್ಮ ಕಪ್ಪು ಬೊಟ್ಟು ಇಲ್ಲಿದೆ. ಎಲ್ಲಿ ಹೊಂದುತ್ತೆ?"

ಎಲ್ಲೋ ಮೂರು ನಾಲ್ಕು ಹೊಂದಿತ್ತು. ಅಷ್ಟೇ. ಅಷ್ಟು ವರ್ಷ ಅವೇ ನನ್ನ ಕಣ್ಣಿಗೆ ಬಿದ್ದಿದ್ದವು!

"ಈಗ ಕೆಂಪು ಬೊಟ್ಟು ನೋಡಿ."

ನೋಡಿದೆ. ಕಪ್ಪು ಬೊಟ್ಟು ಮುಕ್ಕಾಲುಪಾಲು ಕೆಂಪಿನ ಹಿಂದಿನ ಎರಡು, ಮೂರು ದಿನದಲ್ಲೇ ಕೂತಿತ್ತು. ಎರಡನ್ನೂ ಇಟ್ಟವಳು ನಾನೇ. ಕಂಡಿರಲಿಲ್ಲ.

ಹೆಂಗಸರ ಮೈಯಲ್ಲಿ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇರುತ್ತಂತೆ. (ಮೂರು ದಿನ ಬಾಯಿಪಾಠ ಮಾಡಿದ್ದೀನಿ, ತಪ್ಪು ಹುಡುಕಬೇಡಿ.) ಅದು ಮಿದುಳಿಗೂ ಸ್ವಲ್ಪ ಕಾವಲು ಕಾಯುತ್ತಂತೆ. ಮುಟ್ಟು ಹತ್ತಿರ ಬಂದಾಗ ಇಳಿಯುತ್ತೆ. ಈ ಕಾಯಿಲೆ ಇರೋ ಕೆಲವರಿಗೆ ಆಗ ಕಾಟ ಜಾಸ್ತಿ. ಎಲ್ಲರಿಗೂ ಹಾಗಲ್ಲ. ಕಾಯಿಲೆಗೆ ಅದೊಂದೇ ಕಾರಣವೂ ಅಲ್ಲ. "ಹಾಗಾದರೆ ಅದನ್ನೇ ಮಾತ್ರೆ ಮಾಡಿ ಕೊಡಿ" ಅಂದೆ. "ಅಷ್ಟು ಸುಲಭ ಅಲ್ಲ ಅಮ್ಮಾ. ಅದಕ್ಕೆ ಅದರದೇ ಅಪಾಯ ಇದೆ. ನೀವಾಗಿ ಮೆಡಿಕಲ್ ಶಾಪಿಗೆ ಹೋಗಿ ಕೇಳೀರಿ ಮತ್ತೆ!"

ನನಗೆ ಬೇರೆ ಚಿಂತೆ ಹತ್ತಿತ್ತು. ಅಮಾವಾಸ್ಯೆ ದಿನ ಮಗಳು ಚೆನ್ನಾಗಿದ್ದರೂ ಹೊಸಿಲು ದಾಟೋಕೆ ಬಿಡದೆ ಕೂರಿಸಿದ್ದೆ. ನಿಜವಾಗಿ ಒದ್ದಾಡುತ್ತಿದ್ದ ದಿನಗಳಲ್ಲಿ "ಸೋಮಾರಿತನ ಬಿಡು" ಅಂತ ಬೈದು ತರಕಾರಿ ತರೋಕೆ ಅಟ್ಟಿದ್ದೆ. ಎಷ್ಟು ಸಲ!

ಡಾಕ್ಟರಮ್ಮ ಇನ್ನೂ ಮುಗಿಸಿರಲಿಲ್ಲ. "ಬಸುರಿನಲ್ಲಿ ಈ ಹಾರ್ಮೋನ್ ಬಹಳ ಮೇಲಕ್ಕೆ ಏರುತ್ತೆ. ಹೆರಿಗೆ ಆದ ಎರಡು ಮೂರು ದಿನದಲ್ಲಿ ದಡ್ ಅಂತ ಕೆಳಗೆ."

"ಸಿಂಹಾಚಲಂ ಬೆಟ್ಟ ಹತ್ತಿ ಒಂದೇ ಸಲ ಉರುಳಿದ ಹಾಗಾ?"

"ಹಾಗೇ. ಆಗಲೇ ಹುಷಾರಾಗಿರಬೇಕು. ಮಾತ್ರೆ ನಿಲ್ಲಿಸಕೂಡದು. ನಿದ್ದೆ ಕೆಡಕೂಡದು. ಸಣ್ಣ ಬದಲಾವಣೆ ಕಂಡರೂ ಫೋನ್."

ವಾಪಸ್ ಬರೋವಾಗ ಬಸ್ಸಿನಲ್ಲಿ ಭಾರತಿ ಕಿಟಕಿ ಕಡೆ ಮುಖ ಮಾಡಿ ಕೇಳಿದಳು: "ಅಮ್ಮಾ, ನನಗೆ ಜೋರಾದರೆ ಮಗೂನ ಪಟಮಟಕ್ಕೆ ತಗೊಂಡು ಹೋಗ್ತಾರಾ?"

ದೊಡ್ಡವರೆಲ್ಲ ಸೇರಿ ಹಾಗೇ ಮಾತಾಡಿಕೊಂಡಿದ್ದೆವು. ಅವಳು ಆಸ್ಪತ್ರೆಗೆ, ಮಗು ಬೀಗಿತ್ತಿ ಹತ್ತಿರಕ್ಕೆ ಅಂತ. ಬೀಗಿತ್ತಿ ಹೆರಿಗೆಗೆ ಬಂದಾಗ ಬ್ಯಾಗಿನಲ್ಲಿ ಹಾಲಿನ ಪುಡಿ ಡಬ್ಬ, ಬಾಟಲು ಎಲ್ಲ ಇತ್ತು. ಭಾರತಿ ಆ ಡಬ್ಬ ನೋಡಿದಳು.

ಹೆಣ್ಣು ಮಗು. ದುಂಡು ಕೆನ್ನೆ, ಥೇಟ್ ನಮ್ಮ ಯಜಮಾನರ ಮೂಗು. (ಪಾಪ.)

ನಾಲ್ಕನೇ ದಿನ ಬೆಳಿಗ್ಗೆ ನಾನು ಮಗುವಿಗೆ ದೃಷ್ಟಿಬೊಟ್ಟು ಇಡುತ್ತಿದ್ದೆ. ಅಡುಗೆ ಮನೆಯಲ್ಲಿ ಕುಕ್ಕರ್ ಕೂಗಿತು. ಭಾರತಿ ನೆಟ್ಟಗೆ ಕೂತಳು.

"ಅಮ್ಮಾ, ಅದು ನನ್ನ ಹೆಸರು ಕೂಗ್ತಿದೆ. ಅಲ್ಲ ಅಂತ ನನಗೂ ಗೊತ್ತು. ಆದರೆ ಕೇಳಿಸ್ತಿದೆ. ಡಾಕ್ಟರಿಗೆ ಫೋನ್ ಮಾಡು."

ತಾನಾಗಿ ಹೇಳಿದಳು! ಮಗು ಕೈತಪ್ಪುತ್ತೆ ಅನ್ನೋ ಭಯ ಇದ್ದೂ ಮುಚ್ಚಿಡಲಿಲ್ಲ. ಹೆರಿಗೆಗೆ ಬಂದಿದ್ದ ಅಳಿಯ ತಕ್ಷಣ ನಂಬರು ಒತ್ತಿದ. ಡಾಕ್ಟರಮ್ಮ ಅವತ್ತೇ ನೋಡಿ ಮಾತ್ರೆ ಸ್ವಲ್ಪ ಏರಿಸಿದರು. "ಹಗಲಾಗಲಿ ರಾತ್ರಿಯಾಗಲಿ, ನಿದ್ದೆ ಬಂದಾಗ ಮಲಗಲಿ. ರಾತ್ರಿ ಮಗುವಿಗೆ ಹಾಲು ಬೇರೆ ಯಾರಾದರೂ ಕುಡಿಸಿ."

ಹಗಲು ನಿದ್ದೆಯಾ? ಬಾಣಂತಿಗಾ? ಶೀತ ಆಗಲ್ಲವಾ? ನಾನು ಬಾಯಿ ತೆಗೆಯೋದರೊಳಗೆ ಬೀಗಿತ್ತಿ ಎದ್ದು ಕಿಟಕಿ ಪರದೆ ಎಳೆದು ಬಂದರು. ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು: "ವದಿನಗಾರೂ, ಶೀತ ಆದರೆ ಶುಂಠಿ ಉಂದಿ. ನಿದ್ದೆ ಹೋದರೆ ಏನು ಉಂದಿ?" (ವದಿನ ಅಂದರೆ ಅತ್ತಿಗೆ, ಉಂದಿ ಅಂದರೆ ಇದೆ.)

ಆಮೇಲೆ ಹಾಲಿನ ಡಬ್ಬದ ಮುಚ್ಚಳ ತೆಗೆದರು. ಮಗುವನ್ನ ತಾಯಿಯಿಂದ ದೂರ ಒಯ್ಯೋಕೆ ಅಂತ ತಂದ ಡಬ್ಬ, ಪಕ್ಕದ ಕೋಣೆಯಲ್ಲಿ ತಾಯಿಗೆ ನಿದ್ದೆ ಕೊಡಿಸೋ ಕೆಲಸಕ್ಕೆ ಬಂತು. ಒಂದು ದಿನ ಅವರ ಪಾಳಿ, ಒಂದು ದಿನ ನನ್ನದು. ಪಟಮಟಕ್ಕೆ ವಾಪಸ್ ಹೋಗೋ ಮಾತನ್ನೇ ಬೀಗಿತ್ತಿ ಎತ್ತಲಿಲ್ಲ. ವಾರದಲ್ಲಿ ದನಿ ಅಡಗಿತು. "ಅಮ್ಮಾ, ಕುಕ್ಕರ್ ಈಗ ಬರೀ ಬೇಳೆ ಬೇಯಿಸ್ತಿದೆ" ಅಂತ ಭಾರತಿ ನಕ್ಕಳು. ಆ ನಗು ಕೇಳಿ ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ತಿರುಗಿ ನೋಡಿದರೆ ಬೀಗಿತ್ತಿಯೂ ಅಲ್ಲೇ ಮೂಗು ಒರೆಸ್ಕೊಳ್ತಾ ನಿಂತಿದ್ದರು.

ಮಾತ್ರೆ ಈಗಲೂ ಇದೆ, ಇರುತ್ತೆ. ಮುಟ್ಟು ನಿಲ್ಲೋ ವಯಸ್ಸಿನಲ್ಲೂ ಒಂದು ಕಣ್ಣಿಟ್ಟಿರಿ ಅಂದಿದ್ದಾರೆ ಡಾಕ್ಟರಮ್ಮ. ಇಡ್ತೀವಿ.

ಕಾಡಿಗೆ ಡಬ್ಬಿ ಮಗುವಿನ ಜೊತೆ ಪಟಮಟಕ್ಕೆ ಹೋಗಿದೆ. ನಿನ್ನೆ ಯಜಮಾನರು ಕ್ಯಾಲೆಂಡರ್ ಮುಂದೆ ನಿಂತು ತಮಾಷೆ ಮಾಡಿದರು: "ಏನೇ, ಮಗು ಬಂದಮೇಲೆ ಅಮಾವಾಸ್ಯೆ ಎಷ್ಟು ಬಂತು?"

ಬಂದಿರಬೇಕು ಬಿಡಿ, ನೋಡೋಕೆ ಯಾರಿಗಿತ್ತು ಪುರುಸೊತ್ತು?