ಗಾರ್ಡ್ ಪೆಟ್ಟಿಗೆಯ ಮೇಲೆ ಎರಡು ಹೆಸರು

ಕಳೆದ ಶನಿವಾರ, ಬೆಳಗ್ಗೆ ಹತ್ತು ಗಂಟೆ. ಹುಬ್ಬಳ್ಳಿಯ ನಮ್ಮ ಪುಟ್ಟ ರೈಲ್ವೆ ಮ್ಯೂಸಿಯಂನಲ್ಲಿ ನಾನು ಮತ್ತು ಉಪ್ಪಿನಬೆಟಗೇರಿಯ ಮಾಬೂಬಿ ಇಬ್ಬರೇ ಇದ್ದೆವು. ರೈಲ್ವೆ ಗಾರ್ಡ್ ಆಗಿದ್ದ ದಿವಂಗತ ಪತಿ ಡ್ಯೂಟಿಗೆ ಒಯ್ಯುತ್ತಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಅವರು ಮ್ಯೂಸಿಯಂಗೆ ಕೊಡಲು ತಂದಿದ್ದರು. ನಿಯಮದಂತೆ ಪತಿಯ ಹೆಸರು, ಹುದ್ದೆ ಬರೆದು ಚೀಟಿ ಅಂಟಿಸಿ, ಓದಿ ಹೇಳಿದೆ. ಅವರು ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಅವರು ರಿಟೈರ್ ಆದ ಮ್ಯಾಲೆ ಇದರಾಗ ನಾ ರೊಟ್ಟಿ ಇಟ್ಟೇನಿ. ನನ್ನ ಹೆಸರು ಎಲ್ಲೈತ್ರಿ, ಸಾಹೇಬ್ರ?”

“ರೊಟ್ಟಿ ರೈಲ್ವೆ ಇತಿಹಾಸಕ್ಕ ಬರೂದಿಲ್ರಿ, ಅಕ್ಕಾರ.”

“ರೊಟ್ಟಿ ಇಡಲಿಲ್ಲಂದ್ರ ಈ ಪೆಟ್ಟಿಗಿ ಎಂದೋ ಗುಜರಿಗೆ ಹೋಗತಿತ್ತು. ಬರೀರಿ, ಇಲ್ಲಾಂದ್ರ ಮನಿಗೆ ಒಯ್ತೇನಿ.”

ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಹೊಸ ಚೀಟಿ ಬರೆದೆ: ಬಳಸಿದವರು ಗಾರ್ಡ್ ಖಾದರಸಾಬ, ಉಳಿಸಿದವರು ಮಾಬೂಬಿ. ಪೆಟ್ಟಿಗೆಯ ಮೂಲೆಯಲ್ಲಿದ್ದ ಜೋಳದ ಹಿಟ್ಟನ್ನು ಒರೆಸದೆ ಹಾಗೆಯೇ ಬಿಟ್ಟು, ಪೆಟ್ಟಿಗೆಯನ್ನು ಪ್ರದರ್ಶನದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.