ಆರು ಮೀಸೆಗಳ ಪ್ರಯಾಣಿಕ

ಆಗ ನಾನು ಮುಂಬಯಿ ಬಂದರಿನ ಸುಂಕದ ಕಚೇರಿಯಲ್ಲಿ ಹೊಸ ಗುಮಾಸ್ತ. ಒಂದು ಬೆಳಿಗ್ಗೆ ಹಡಗಿನಿಂದ ಇಳಿದ ಇಟಲಿಯವನೊಬ್ಬನ ಪೆಟ್ಟಿಗೆ ತೆರೆಸಿದರೆ, ಒಳಗೆ ಹತ್ತಿಯ ಮೇಲೆ ಜೋಡಿಸಿಟ್ಟ ಆರು ಅಂಟಿಸಿಕೊಳ್ಳುವ ಮೀಸೆಗಳು. ತಾನು ಸಿನೆಮಾ ನಟ, ತನ್ನ ದೇಶದಲ್ಲಿ ಮಕ್ಕಳಿಗೂ ತನ್ನ ಗುರುತಿದೆ ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದ. ಸ್ವಂತ ಬಳಕೆಯ ಸಾಮಾನಿಗೆ ಸುಂಕವಿಲ್ಲ, ನಿಜ. ಆದರೆ ಮೀಸೆಯ ಮಾತು ನಮ್ಮ ನಿಯಮದ ಪುಸ್ತಕದಲ್ಲೇ ಇರಲಿಲ್ಲ.

ನಮ್ಮ ಸಾಹೇಬರು ಧಾರವಾಡದ ಕಡೆಯವರು. ಕನ್ನಡಕದ ಮೇಲಿನಿಂದ ಅವನನ್ನು ನೋಡಿ, ಹೆಬ್ಬೆರಳು ನೆಕ್ಕಿ ಪಾಸ್‌ಪೋರ್ಟಿನ ಹಾಳೆಗಳನ್ನು ಒಂದೊಂದಾಗಿ ತಿರುವಿ, ಬೆರಳನ್ನು ಟೈಗೆ ಒರೆಸಿಕೊಂಡರು.

“ಸ್ವಂತದ್ದಂದ್ರ ಹಚ್ಚಿಕೊಂಡು ತೋರಸ್ಲಿ. ಹೇಳು ಅವಗ.”

ನಾಚುತ್ತಲೇ ಹೇಳಿದೆ. ಅವನಿಗೋ ಹಬ್ಬವಾಯಿತು. ಒಂದು ಮೀಸೆಗೆ ಮುದುಕನಾದ, ಇನ್ನೊಂದಕ್ಕೆ ಪೊಲೀಸನಾದ, ಮತ್ತೊಂದಕ್ಕೆ ಕಳ್ಳನೂ ಆದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಸಾಹೇಬರು ಮಾತ್ರ ನಗದೆ, ಆರನ್ನೂ ನೋಡಿ ಮುಗಿಸಿ ಠಸ್ಸೆ ಒತ್ತಿದರು. ಅಷ್ಟು ಹೊತ್ತೂ ಅವನು ಅವರನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಎರಡು ವರ್ಷದ ಮೇಲೆ ಅವನ ಹೊಸ ಚಿತ್ರ ಊರಿಗೆ ಬಂತು. “ನಮ್ಮ ಮೀಸಿಯಂವಂದು, ನಡಿ,” ಎಂದು ಸಾಹೇಬರೇ ಕರೆದುಕೊಂಡು ಹೋದರು. ಅವನದು ತೆರಿಗೆ ಅಧಿಕಾರಿಯ ಪಾತ್ರ. ಕನ್ನಡಕದ ಮೇಲಿನಿಂದ ನೋಡಿದ, ಹೆಬ್ಬೆರಳು ನೆಕ್ಕಿ ಹಾಳೆ ತಿರುವಿದ, ಟೈಗೆ ಒರೆಸಿಕೊಂಡ. ಥಿಯೇಟರಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹೇಬರು. ಕಣ್ಣೀರು ಒರೆಸಿಕೊಳ್ಳುತ್ತ ನನ್ನ ಕಡೆ ಬಾಗಿದರು.

“ಇಂಥಾವನ ಕೈಕೆಳಗ ನೌಕರಿ ಮಾಡೋರ ಪಾಡು ಏನಿರಬೇಕೋ?”

“ರೂಢಿ ಆಗ್ತದ್ರೀ, ಸಾಹೇಬ್ರ,” ಎಂದೆ.