ವಾಸುವಿನ ಎಂಜಿನ್

ವಾಮಂಜೂರಿನ ನಮ್ಮ ಮನೆಯ ಪಕ್ಕದ ಗದ್ದೆಯಲ್ಲಿ ಈಗ ಯಾರದೋ ಮನೆ ಏಳುತ್ತಿದೆ. ಅವರು ಕಾಂಕ್ರೀಟು ಕಲಸುವ ಯಂತ್ರವೊಂದನ್ನು ತಂದು ನಿಲ್ಲಿಸಿದ್ದಾರೆ. ನನ್ನಷ್ಟೇ ವಯಸ್ಸಾದದ್ದಿರಬೇಕು, ಬೆಳಿಗ್ಗೆ ಎಬ್ಬಿಸಲು ಹೋದರೆ ನನ್ನ ಹಾಗೆಯೇ ಕೆಮ್ಮಿ, ಗೊಣಗಿ, ಆಮೇಲೆ ಏಳುತ್ತದೆ. ನಿನ್ನೆ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದೆ. ಯಂತ್ರದ ಶಬ್ದ ಇದ್ದಕ್ಕಿದ್ದಂತೆ ಬದಲಾಯಿತು. ಟಕ್ ಟಕ್ ಟಕ್, ಆಮೇಲೊಂದು ಬಿಕ್ಕು. ಮತ್ತೆ ಟಕ್ ಟಕ್ ಟಕ್, ಮತ್ತೊಂದು ಬಿಕ್ಕು. ಅನ್ನದ ಸೌಟು ಹಿಡಿದ ನನ್ನ ಕೈ ಅಲ್ಲಿಯೇ ನಿಂತಿತು.

ನಿಮಗೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಊಟದ ಹೊತ್ತಿಗೆ ಎರಡು ಬಟ್ಟಲು ತೆಗೆಯುವುದು ನನ್ನ ಅಭ್ಯಾಸ. ನನ್ನವರು ತೀರಿಕೊಂಡ ಮೇಲೂ ಅದು ಬಿಟ್ಟುಹೋಗಿಲ್ಲ. ಸೊಸೆ ನರ್ಸ್ ಕೆಲಸದಲ್ಲಿರುವವಳು, ಇಂಥದ್ದನ್ನೆಲ್ಲ ಬೇಕಾದಷ್ಟು ನೋಡಿದ್ದಾಳೆ. ಮನೆಯಲ್ಲಿದ್ದರೆ ಮಾತಾಡದೆ ಒಂದು ಬಟ್ಟಲನ್ನು ತೆಗೆದು ಒಳಗಿಡುತ್ತಾಳೆ. ಅವಳು ಡ್ಯೂಟಿಗೆ ಹೋದ ದಿನ ಎರಡನೆಯದು ಮೇಜಿನ ಮೇಲೆಯೇ ಇರುತ್ತದೆ. ನಿಜ ಹೇಳಬೇಕೆಂದರೆ, ಕೆಲವು ದಿನ ಅದರಲ್ಲಿ ಅನ್ನವೂ ಇರುತ್ತದೆ.

ಆ ಬಿಕ್ಕು ನನಗೆ ಹಳೆಯ ಪರಿಚಯ. ಅದು ಸಿಲ್ಲುಮಾಮನ ದೋಣಿಯ ಕಥೆ.

ಸಿಲ್ವೆಸ್ಟರ್ ಮಾಮ ಎಂದರೆ ನನ್ನ ಅಮ್ಮನ ತಮ್ಮ. ಆಫ್ರಿಕದ ಯಾವುದೋ ಬಂದರಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ, ಮದುವೆಯಾಗದೆ, ಒಂದು ಪೆಟ್ಟಿಗೆ ತುಂಬ ಸ್ಪಾನರುಗಳೊಂದಿಗೆ ಮಂಗಳೂರಿಗೆ ಹಿಂದಿರುಗಿದವನು. ಕೆಟ್ಟ ವಸ್ತು ಕಂಡರೆ ಅವನಿಗೆ ಎಲ್ಲಿಲ್ಲದ ಮಮತೆ. ನಮ್ಮ ಮನೆಯ ಗಡಿಯಾರ, ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಹಾರ್ಮೋನಿಯಂ, ಪಕ್ಕದವರ ಹೊಲಿಗೆ ಮಿಶಿನ್ ಎಲ್ಲವೂ ಅವನ ಕೈಗೆ ಹೋಗಿ ಸರಿಯಾದವು. ಒಂದು ಸಲ ಸರಿಯಾಗಿಯೇ ಇದ್ದ ನಮ್ಮ ರೇಡಿಯೋವನ್ನೂ ಬಿಚ್ಚಿದ. ಆಮೇಲೆ ಅದು ಮಾತಾಡಲಿಲ್ಲ, ಅಮ್ಮನೂ ಅವನೊಂದಿಗೆ ಒಂದು ತಿಂಗಳು ಮಾತಾಡಲಿಲ್ಲ.

ಅರವತ್ತರ ದಶಕದ ಆರಂಭದಲ್ಲಿ ಹೊಳೆಯ ಆಳ ಅಳೆಯುವುದಕ್ಕೆಂದು ಬಂದಿದ್ದ ಪರದೇಶದ ಎಂಜಿನಿಯರೊಬ್ಬ ಒಂದು ಪುಟ್ಟ ಜೆಟ್ ಬೋಟು ತಂದಿದ್ದ. ಹೊರಗಡೆ ನೀರು ತಳ್ಳುವ ಪಂಖವೇ ಇಲ್ಲದ ದೋಣಿ ಅದು. ಹೊಟ್ಟೆಯಡಿಯಿಂದ ನೀರು ಹೀರಿ ಹಿಂದಿನಿಂದ ರಭಸವಾಗಿ ಉಗುಳುತ್ತ ಮುಂದಕ್ಕೆ ನುಗ್ಗುತ್ತದೆ, ಮೊಣಕಾಲಿನಷ್ಟು ನೀರಿದ್ದರೂ ಸಾಕು. ಆದರೆ ಅದಕ್ಕೊಂದು ಗುಣವುಂಟು. ಆ ಉಗುಳುವ ನೀರನ್ನು ಎಡಕ್ಕೋ ಬಲಕ್ಕೋ ತಿರುಗಿಸಿಯೇ ದೋಣಿಗೆ ದಿಕ್ಕು ಕೊಡಬೇಕು. ಎಂಜಿನ್ ನಿಂತರೆ ಸ್ಟಿಯರಿಂಗ್ ಕೂಡ ಸತ್ತ ಹಾಗೆ, ದೋಣಿ ನೀರು ಒಯ್ದಲ್ಲಿಗೆ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಂಜಿನಿಯರು ಊರಿಗೆ ಹೋದ. ದೋಣಿ ಕೂಳೂರಿನಲ್ಲಿ ಹೊಳೆ ಬದಿಯ ಹಂಚಿನ ಕಾರ್ಖಾನೆಯ ಹಳೆಯ ಶೆಡ್ಡಿನಲ್ಲಿ ಕವುಚಿ ಬಿತ್ತು. ಕೆಲವು ವರ್ಷಗಳ ಮೇಲೆ ಸಿಲ್ಲುಮಾಮ ಅದನ್ನು ಕಂಡಾಗ ಒಳಗೆ ಕೋಳಿಗಳು ಸಂಸಾರ ಹೂಡಿದ್ದವು. ಹಲಗೆ ಕೊಳೆತಿತ್ತು, ಉಪ್ಪುನೀರು ಕುಡಿದ ಎಂಜಿನ್ ತುಕ್ಕು ಹಿಡಿದು ಒಂದೇ ಗಟ್ಟಿಯಾಗಿತ್ತು. ಮಾಮನ ಕಣ್ಣಲ್ಲಿ ನೀರು ಬಂತು. ದುಃಖದ್ದಲ್ಲ, ಸಂತೋಷದ್ದು.

ನಾನು ಆಗಷ್ಟೇ ಶಾಲೆಯಲ್ಲಿ ಟೀಚರಾಗಿದ್ದೆ. ದೋಣಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ಓದಿ ಹೇಳಲು ಶನಿವಾರ ಮಧ್ಯಾಹ್ನ ಮಾಮ ನನ್ನನ್ನು ಕರೆಯುತ್ತಿದ್ದ. ಅವನಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತಿತ್ತು. ಬೇಕಾಗಿದ್ದದ್ದು ಬಹುಶಃ ಕೇಳುವವರು. ಕೊಳೆತ ಭಾಗ ಕತ್ತರಿಸಿ ತೆಗೆದು, ಹೊಸ ಹಲಗೆ ಕೂರಿಸಿ, ತಾಮ್ರದ ಮೊಳೆ ಹೊಡೆದು, ಬಣ್ಣ ಬಳಿದದ್ದಾಯಿತು. ನೀರು ಹೀರುವ ಪಂಪನ್ನು ಬಿಚ್ಚಿ ಉಜ್ಜಿ ಹೊಳೆಯಿಸಿದ್ದಾಯಿತು. ಆದರೆ ಹೃದಯವೇ ಇಲ್ಲದ ದೇಹ. ಎಂಜಿನ್ ಎಲ್ಲಿಂದ ತರುವುದು?

ಎಂಜಿನ್ ಇದ್ದದ್ದು ದೇಜಕ್ಕನ ಅಂಗಳದಲ್ಲಿ.

ಸೇತುವೆಯಿಂದ ಸ್ವಲ್ಪ ಕೆಳಗೆ, ಹೊಳೆಯ ದಡದಲ್ಲೇ ದೇಜಕ್ಕನ ಮನೆ. ಮೀನುಗಾರರ ಮನೆತನ. ಮಗ ವಾಸು ಹಳೆಯ ಮಿಲಿಟರಿ ಜೀಪಿನ ಎಂಜಿನನ್ನು ದೋಣಿಗೆ ಹಾಕಿಸಿ, ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನಿಂದ ಮೀನು ಸಾಗಿಸುತ್ತಿದ್ದ. ಆ ಎಂಜಿನ್‌ನ ನಾಲ್ಕು ಸಿಲಿಂಡರುಗಳಲ್ಲಿ ಮೂರು ದುಡಿಯುತ್ತಿದ್ದವು, ನಾಲ್ಕನೆಯದು ಬಿಕ್ಕುತ್ತಿತ್ತು. ಇಡೀ ಹೊಳೆಗೆ ಆ ಶಬ್ದ ಗೊತ್ತು. ಮಧ್ಯಾಹ್ನ ಅದು ದೂರದ ತಿರುವಿನಲ್ಲಿ ಕೇಳಿದ ಕೂಡಲೇ ದೇಜಕ್ಕ ಬಟ್ಟಲಿಗೆ ಕುಚ್ಚಲಕ್ಕಿ ಅನ್ನ ಬಡಿಸುತ್ತಿದ್ದಳು. ಮಗ ದೋಣಿ ಕಟ್ಟಿ, ಕಾಲು ತೊಳೆದು ಒಳಗೆ ಬರುವಾಗ ಅನ್ನದಲ್ಲಿ ಇನ್ನೂ ಹಬೆ ಇರಬೇಕು. ಮೊದಲೇ ಬಡಿಸಿದರೆ ಆರುತ್ತದೆ, ಆಮೇಲೆ ಬಡಿಸಿದರೆ ಅವನು ಕಾಯಬೇಕಾಗುತ್ತದೆ. ಹೀಗೆ ಆ ಶಬ್ದವೇ ಅವಳ ಗಡಿಯಾರವಾಗಿತ್ತು.

ಒಂದು ಮಧ್ಯಾಹ್ನ ಶಬ್ದ ಕೇಳಲಿಲ್ಲ, ದೋಣಿ ಮಾತ್ರ ಬಂತು. ಎಂಜಿನ್ ನಿಂತಿತ್ತು, ದೋಣಿಯಲ್ಲಿ ಯಾರೂ ಇರಲಿಲ್ಲ. ಉಬ್ಬರದ ನೀರಿನಲ್ಲಿ ತೇಲಿಕೊಂಡು ಬಂದು, ದಿನಾ ಕಟ್ಟುವ ತೆಂಗಿನ ಮರದ ಬುಡಕ್ಕೇ ತಾಗಿ ನಿಂತಿತಂತೆ. ವಾಸುವಿನ ಹೆಣ ಸಿಗಲಿಲ್ಲ.

ಹೆಣ ಸಿಗದ ಮಗನನ್ನು ಸತ್ತನೆನ್ನಲು ದೇಜಕ್ಕ ಒಪ್ಪಲಿಲ್ಲ. ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು: ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಜಡಿಮಳೆಯ ಕಾಲದಲ್ಲಿ, ತುಳುವರ ಮನೆಗಳಲ್ಲಿ ಸತ್ತ ಹಿರಿಯರಿಗೆ ಬಾಳೆ ಎಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲು ಹಾಕಿ, ಅವರು ಉಣ್ಣುವಷ್ಟು ಹೊತ್ತು ಹೊರಗೆ ಕಾಯುತ್ತಾರೆ. ದೇಜಕ್ಕ ಗಂಡನಿಗೆ, ಅತ್ತೆಮಾವನಿಗೆ ಎಲೆ ಹಾಕುತ್ತಿದ್ದಳು. ವಾಸುವಿಗೆ ಹಾಕುತ್ತಿರಲಿಲ್ಲ. ಮಗಳು ಲಲಿತ ಅತ್ತು ಕೇಳಿದರೂ ಇಲ್ಲ.

ದೋಣಿಯಿಂದ ಇಳಿಸಿದ ಮೇಲೆ ಅಂಗಳದಲ್ಲಿ ಚಾದರ ಹೊದ್ದು ಕೂತಿದ್ದ ಎಂಜಿನನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಸಿಲ್ಲುಮಾಮ ಕೇಳಿದಾಗ ಮಾತ್ರ, ಪೊರ್ಬುಗಳೇ (ತುಳುವರು ನಮ್ಮ ಕ್ರೈಸ್ತರನ್ನು ಕರೆಯುವುದು ಹಾಗೆ), ಇದನ್ನು ಮತ್ತೆ ಹೊಳೆಯಲ್ಲಿ ಓಡಿಸುತ್ತೀರಾ ಎಂದು ವಿಚಾರಿಸಿದಳು. ಹೌದೆಂದ. ಹಾಗಾದರೆ ಕೊಂಡುಹೋಗಿ ಎಂದಳು. ಮಾಮ ಇದನ್ನು ತನ್ನ ಮಾತಿನ ಚಾತುರ್ಯವೆಂದುಕೊಂಡು ಇಡೀ ದಾರಿ ಸಿಳ್ಳೆ ಹೊಡೆದ.

ಜೀಪಿನ ಗೇರು ಪೆಟ್ಟಿಗೆ ಬಿಚ್ಚಿ ತೆಗೆದು, ಅಡಿಯಲ್ಲಿ ಹಲಸಿನ ತೊಲೆ ಕೊಟ್ಟು, ಎಂಜಿನ್ ಮತ್ತು ಪಂಪಿನ ನಡುವಿನ ಶಾಫ್ಟ್ ಕೂದಲೆಳೆಯಷ್ಟೂ ಓರೆಯಾಗದಂತೆ ಕೂರಿಸಲು ಒಂದು ಬೇಸಗೆಯೇ ಬೇಕಾಯಿತು. ಮೊದಲ ಸಲ ಎಂಜಿನ್ ಶುರುವಾದ ದಿನ ನಾನು ಅಲ್ಲಿದ್ದೆ. ಹೊಗೆ, ಪೆಟ್ರೋಲಿನ ವಾಸನೆ, ಆಮೇಲೆ ಆ ಶಬ್ದ. ಶೆಡ್ಡಿನ ಹಂಚುಗಳೆಲ್ಲ ನಡುಗಿದವು. ಕಾರ್ಖಾನೆಯ ಕೆಲಸದವರು ಬಾಗಿಲಿನವರೆಗೆ ಬಂದು ಇಣುಕಿ, ಒಳಗೆ ಬಾರದೆ ಹೋದರು.

ಮಾಮ ದಿನಾ ಮಧ್ಯಾಹ್ನ ಎಂಜಿನ್ ಓಡಿಸಿ ನೋಡತೊಡಗಿದ. ಮುಂದಿನ ಶನಿವಾರ ಲಲಿತ ಮೀನಿನ ಬುಟ್ಟಿ ಹೊತ್ತುಕೊಂಡೇ ಬಂದಳು. ಬುಟ್ಟಿ ಇಳಿಸಿ, ನನ್ನ ಕಡೆ ನೋಡಿ ಹೇಳಿದಳು.

"ಟೀಚರ್, ನೀವು ಇಲ್ಲಿ ಇದನ್ನು ಸ್ಟಾರ್ಟ್ ಮಾಡ್ತೀರಿ, ಅಲ್ಲಿ ಅಮ್ಮ ಬಟ್ಟಲಿಗೆ ಬಡಿಸ್ತಾರೆ. ದಿನಾ. ಸಂಜೆಯವರೆಗೆ ಅದರ ಎದುರು ಕೂತುಕೊಳ್ತಾರೆ, ತಾವು ಒಂದು ತುತ್ತು ತಿನ್ನುವುದಿಲ್ಲ. ಇದರ ಬಿಕ್ಕು ತೆಗೀಲಿಕ್ಕೆ ಆಗುವುದಿಲ್ಲವಾ?"

ಅವಳ ಸಂಕಟ ಬರೀ ಅಮ್ಮನದ್ದಾಗಿರಲಿಲ್ಲ. ಬದುಕಿದ್ದವರ ಬಟ್ಟಲು ಅಣ್ಣನಿಗೆ ಮುಟ್ಟುವುದಿಲ್ಲ, ಸತ್ತವರ ಎಲೆ ಅವನಿಗೆ ಸಿಗುತ್ತಿಲ್ಲ, ಅವನು ಹಸಿದುಕೊಂಡೇ ಎಲ್ಲೋ ಇದ್ದಾನೆ ಎಂದು ಅವಳು ನಂಬಿದ್ದಳು. ನಾನು ಕ್ರೈಸ್ತಳು, ಟೀಚರು, ಇದನ್ನೆಲ್ಲ ನಂಬಬಾರದವಳು. ಆದರೂ ಆ ಮಾತು ಕೇಳಿ ಕೈಯಲ್ಲಿದ್ದ ಇಂಗ್ಲಿಷ್ ಪುಸ್ತಕವನ್ನು ಮುಚ್ಚಿಟ್ಟೆ. ಮಾಮ ಮಾತ್ರ ಕೈ ಒರೆಸಿಕೊಳ್ಳುತ್ತ, "ಎಂಜಿನಿಗೆ ಎಂತ ನೆನಪು ಮಾರಾಯ್ತಿ, ಅದು ಕಬ್ಬಿಣ. ವಾಲ್ವ್ ಉಜ್ಜಿದರೆ ಸರಿಯಾಗ್ತದೆ" ಎಂದ.

ಅವನು ವಾಲ್ವ್ ಉಜ್ಜಲು ಕೂತ. ವಿಷಯವನ್ನು ದೇಜಕ್ಕನಿಗೆ ಮೆಲ್ಲಗೆ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮರುವಾರ ಹೋದೆ. ಮಳೆ ಇನ್ನೂ ಹಿಡಿದಿರಲಿಲ್ಲ. ನಡು ಮಧ್ಯಾಹ್ನ, ಹೊಳೆ ಅಲುಗಾಡದೆ ಬೆಳ್ಳಗೆ ಬಿದ್ದಿತ್ತು, ಒಂದು ಕಾಗೆಯೂ ಕೂಗುತ್ತಿರಲಿಲ್ಲ. ದೇಜಕ್ಕ ಅಡುಗೆಮನೆಯಲ್ಲಿ ಮಣೆ ಕೊಟ್ಟಳು. ನಾವು ತುಳುವಿನಲ್ಲೇ ಮಾತಾಡುತ್ತಿದ್ದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀವು ಕೇಳುವ ಶಬ್ದ ನಮ್ಮ ಮಾಮನದ್ದು, ವಾಸುವಿನದ್ದಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಎತ್ತಿ ತಡೆದಳು.

ದೂರದಲ್ಲಿ ಟಕ್ ಟಕ್ ಟಕ್, ಬಿಕ್ಕು.

"ತಿರುವು ದಾಟಿದ" ಎಂದಳು. ಎದ್ದು, ಬಟ್ಟಲಿಗೆ ಅನ್ನ ಹಾಕಿ, ಮೇಲೆ ಬಂಗುಡೆ ಸಾರು ಬಿಟ್ಟಳು. ಶಬ್ದ ಹತ್ತಿರವಾಯಿತು, ತೆಂಗಿನ ಮರದ ಹತ್ತಿರ ಬಂತು, ನಿಂತಿತು. ದೇಜಕ್ಕ ಬಾಗಿಲನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಹೊರಗೆ ಬಿಸಿಲು ಮಾತ್ರ ಇತ್ತು.

ಮರದ ಬುಡದಲ್ಲಿ ದೋಣಿ ಇರಲಿಲ್ಲ. ಆದರೂ ಮಾಮ ಬಿಕ್ಕು ತೆಗೆಯದೆಯೇ ಎಂಜಿನ್ ಕೂಡಿಸಿ ದೋಣಿ ನೀರಿಗೇ ಇಳಿಸಿದ್ದಾನೆ ಎಂದುಕೊಂಡು, ನನಗೆ ತಿಳಿಸದೆ ಇಳಿಸಿದ್ದಕ್ಕೆ ಅವನನ್ನು ಮನಸ್ಸಿನಲ್ಲೇ ಬೈಯುತ್ತ ಶೆಡ್ಡಿಗೆ ಓಡಿದೆ. ದೋಣಿ ಅದರ ಕಟ್ಟೆಯ ಮೇಲೆಯೇ ಇತ್ತು. ಎಂಜಿನ್‌ನ ತಲೆ ಬಿಚ್ಚಿ ಬೆಂಚಿನ ಮೇಲಿಟ್ಟಿತ್ತು, ವಾಲ್ವುಗಳು ಸೀಮೆಎಣ್ಣೆಯ ಡಬ್ಬದಲ್ಲಿ ಮುಳುಗಿದ್ದವು. ಮಾಮ ಗೋಣಿಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿ ಹೇಳಿದೆ. ಅವನು ಡಬ್ಬದೊಳಗೆ ಕೈ ಹಾಕಿ ವಾಲ್ವುಗಳನ್ನು ಒಂದೊಂದಾಗಿ ಎಣಿಸಿದ. ಆ ದಿನ ಅವನು ಕಬ್ಬಿಣದ ಮಾತು ಎತ್ತಲಿಲ್ಲ.

ಮಳೆ ಬಂತು, ಆಟಿಯೂ ಬಂತು. ಎಂಜಿನ್ ಮತ್ತೆ ಕೂಡಿಸಿದಾಗ ಬಿಕ್ಕು ಹೋಗಿತ್ತು. ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ದೋಣಿ ನೀರಿಗಿಳಿಸಿದೆವು. ಅದು ಓಡಿದ ಚೆಂದ ಹೇಗೆ ಹೇಳಲಿ, ಹಿಂದೆ ನೀರಿನ ಬಿಳಿ ಬಾಲ ಎದ್ದಿತು, ಮಾಮ ಚಿಕ್ಕ ಹುಡುಗನಂತೆ ನಕ್ಕ. ದೇಜಕ್ಕನ ಮನೆಯೆದುರು ಹೋಗುವಾಗ ಅವಳು ದಡದಲ್ಲಿ ನಿಂತಿದ್ದಳು. ಕೈ ಮಾಡಿ ಕರೆದಳು. ಮಾಮ ದೋಣಿಯನ್ನು ದಡಕ್ಕೆ ತಂದ. ಅವಳು ಎಂಜಿನ್‌ನ ಮೇಲೆ ಅಂಗೈ ಇಟ್ಟು, ಕಿವಿಗೊಟ್ಟು ಕೇಳಿದಳು.

"ಇದು ಈಗ ಅವನದ್ದಲ್ಲ ಪೊರ್ಬುಗಳೇ. ಆದರೂ ಅವನು ಬರ್ತಾನೆ, ಬಾಗಿಲವರೆಗೆ ಬಂದು ನಿಲ್ತಾನೆ, ಒಳಗೆ ಬರುವುದಿಲ್ಲ. ಬಟ್ಟಲು ಅವನಿಗೆ ಆಗುವುದಿಲ್ಲ ಅಂತ ನನಗೆ ಗೊತ್ತುಂಟು. ಗೊತ್ತಿಲ್ಲದ್ದಲ್ಲ." ಎಂಜಿನ್‌ನಿಂದ ಕೈ ತೆಗೆದು ಹೇಳಿದಳು, "ನನ್ನನ್ನು ಅಳಿವೆ ಹತ್ತಿರ ಕೊಂಡುಹೋಗಿ. ಅವನನ್ನು ಕರೆದುಕೊಂಡು ಬರ್ತೇನೆ."

ಲಲಿತಳನ್ನು ಮನೆಯಲ್ಲಿ ಬಿಟ್ಟು ನಾವು ಮೂವರೂ ಹೋದೆವು. ಅಳಿವೆಯ ಬಾಯಿಗೆ ಹೋಗುವ ಧೈರ್ಯ ಆ ನೀರಿನಲ್ಲಿ ಯಾರಿಗುಂಟು? ಬೆಂಗ್ರೆಯ ಮರಳದಿಬ್ಬದ ಈಚೆಗೇ ಮಾಮ ಎಂಜಿನ್ ನಿಲ್ಲಿಸಿದ. ಕೆಂಪು ನೀರು, ಆಚೆ ಕಡಲಿನ ಮೊರೆತ. ದೇಜಕ್ಕ ಎದ್ದು ನಿಂತು, ಅಂಗಳದಿಂದ ಕರೆಯುವ ಹಾಗೆಯೇ ಕರೆದಳು. "ವಾಸೂ, ಬಾ ಮಗಾ. ಊಟಕ್ಕೆ ಹೊತ್ತಾಯಿತು." ಅಷ್ಟೇ.

ಆಮೇಲೆ ಎಂಜಿನ್ ಶುರುವಾಗಲಿಲ್ಲ. ಮಾಮ ಬೆವತುಹೋದ, ಪ್ಲಗ್ಗು ಒರೆಸಿದ, ಸಂತ ಅಂತೋನಿಯನ್ನು ಕರೆದ, ಏನೂ ಆಗಲಿಲ್ಲ. ಸ್ಟಿಯರಿಂಗ್ ಕೈಯಲ್ಲಿ ಸುಮ್ಮನೆ ತಿರುಗುತ್ತಿತ್ತು. ಇನ್ನು ಹೊಳೆಯ ಸೆಳೆತ ನಮ್ಮನ್ನು ಕಡಲಿಗೆ ಒಯ್ಯುತ್ತದೆ ಎಂದು ನಾನು ಕೊಂತ, ನಮ್ಮ ಜಪಸರ, ಹಿಡಿದು ಕಣ್ಣು ಮುಚ್ಚಿದೆ. ತೆರೆದಾಗ ದೋಣಿ ಮೂತಿ ತಿರುಗಿಸಿ, ಮೆಲ್ಲಗೆ, ಹೊಳೆಯ ಮೇಲಕ್ಕೆ ಹೋಗುತ್ತಿತ್ತು. ಉಬ್ಬರ, ಉಬ್ಬರ ಎಂದು ಮಾಮ ಎರಡು ಸಲ ಹೇಳಿದ. ತುಂಬಿ ಹರಿಯುವ ಆಟಿಯ ಹೊಳೆಯಲ್ಲಿ ಉಬ್ಬರ ಅಷ್ಟು ಮೇಲಕ್ಕೆ ಬರುವುದುಂಟೆ ಎಂದು ನಾನು ಕೇಳಲಿಲ್ಲ. ಕೇಳಲು ಹೆದರಿಕೆಯಾಗಿತ್ತು. ದಾರಿಯುದ್ದಕ್ಕೂ ದೇಜಕ್ಕ ಹಿಂದಿನ ಖಾಲಿ ಸೀಟಿನ ಕಡೆಗೆ ತಿರುಗಿ ಕೂತಿದ್ದಳು. ದೋಣಿ ಅದೇ ತೆಂಗಿನ ಮರಕ್ಕೆ ಬಂದು ತಾಗಿತು.

ಲಲಿತ ಬಾಗಿಲಲ್ಲಿ ನಿಂತಿದ್ದಳು. ತಿರುವಿನಲ್ಲಿ ಎಂಜಿನ್ ಶಬ್ದ ಕೇಳಿದ ಕೂಡಲೇ ಬಡಿಸಿದೆ ಎಂದಳು. ಸತ್ತ ಎಂಜಿನ್ ಇಟ್ಟುಕೊಂಡು ತೇಲಿ ಬಂದ ನಾನೂ ಮಾಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದೇಜಕ್ಕ ಕಾಲು ತೊಳೆದುಕೊಂಡು ಮೆಟ್ಟಿಲ ಮೇಲೆ ಕೂತಳು.

"ಬಟ್ಟಲಲ್ಲಿಯಾ, ಎಲೆಯಲ್ಲಿಯಾ?"

"ಎಲೆಯಲ್ಲಿ ಅಮ್ಮ."

ದೇಜಕ್ಕ ಸೆರಗಿನಿಂದ ಕಾಲು ಒರೆಸಿಕೊಂಡಳು. ಆಮೇಲೆ, "ಸರಿ, ಬಾಗಿಲು ಹಾಕು. ಅವನು ಊಟ ಮಾಡಲಿ" ಎಂದಳು. ಲಲಿತ ಬಾಗಿಲು ಹಾಕಿದಳು. ಅದುವರೆಗೆ ಒಂದು ದಿನವೂ ಅಳದ ಆ ಹೆಂಗಸು ಆಗ ಅತ್ತಳು. ನಾವೂ ಅಂಗಳದಲ್ಲಿ ಕೂತು ಅತ್ತೆವು. ಆಮೇಲೆ ಆ ಶಬ್ದವನ್ನು ಹೊಳೆಯಲ್ಲಿ ಯಾರೂ ಕೇಳಲಿಲ್ಲ. ಮಾಮನ ದೋಣಿ ಎಷ್ಟೋ ವರ್ಷ ಓಡಿತು, ದೇಜಕ್ಕನ ಮನೆಯೆದುರು ಹೋಗುವಾಗ ಮಾತ್ರ ಅವನು ಟೊಪ್ಪಿ ತೆಗೆಯುತ್ತಿದ್ದ.

ನಿನ್ನೆ ಮಧ್ಯಾಹ್ನ ಪಕ್ಕದ ಗದ್ದೆಯ ಯಂತ್ರ ಹಾಗೆ ಬಿಕ್ಕುತ್ತ ಬಿಕ್ಕುತ್ತ ನಿಂತಿತು. ಸೊಸೆ ಡ್ಯೂಟಿಗೆ ಹೋಗಿದ್ದಳು. ಮೇಜಿನ ಮೇಲೆ ನನ್ನವರ ಬಟ್ಟಲಿತ್ತು. ಇಷ್ಟು ದಿನ ಅವರೂ ಬಾಗಿಲವರೆಗೆ ಬಂದು ಹಿಂದೆ ಹೋಗುತ್ತಿದ್ದರೋ ಏನೋ ಎಂದು ಮೊದಲ ಸಲ ಅನ್ನಿಸಿತು. ಬಟ್ಟಲನ್ನು ತೊಳೆದು, ಒರೆಸಿ, ಒಳಗಿಟ್ಟೆ. ಪಾದ್ರಿಗಳಿಗೆ ಗೊತ್ತಾದರೆ ಏನೆನ್ನುವರೋ ತಿಳಿಯದು. ಕತ್ತಿ ತೆಗೆದುಕೊಂಡು ಹಿತ್ತಲಿಗೆ ಹೋಗಿ ಒಂದು ಬಾಳೆ ಎಲೆ ಕೊಯ್ದು ತಂದೆ. ಬಡಿಸಿ, ಬಾಗಿಲು ಹಾಕಿ, ಹೊರಗೆ ಜಗಲಿಯಲ್ಲಿ ಕೂತೆ.